ಬಾಯಿ ಇಲ್ಲದ ಚೀಲ

ಪ್ರಾಣೇಶರಾವನ ಬಗಲೂಸು ಹರಿದದ್ದೇ ಇಷ್ಟಕ್ಕೆಲ್ಲ ಮೂಲ. ಚಿತ್ತಾಪುರದ ಜಾಗೀರು ಕಚೇರಿಯಲ್ಲಿ ಅವನು ಗುಮಾಸ್ತ. ಹೈದರಾಬಾದಿನಿಂದ ದೊಡ್ಡವರು ಬಂದರೆ ಕಚೇರಿಯವರೆಲ್ಲ ತಲೆಗೆ ದಸ್ತಾರು ಇಟ್ಟು, ಶೇರವಾನಿಯ ಮೇಲೆ ಬಗಲೂಸು ಎಂಬ ತೊಗಲಿನ ಸೊಂಟಪಟ್ಟಿ ಬಿಗಿದು ನಿಲ್ಲಬೇಕೆಂಬುದು ಕಟ್ಟಳೆ. ಪ್ರಾಣೇಶರಾವನದು ಅಪ್ಪನಿಂದ ಬಂದ ಪಟ್ಟಿ, ಅಪ್ಪನ ಹೊಟ್ಟೆಯ ಅಳತೆಯದು. ಮಗನ ಹೊಟ್ಟೆ ಆ ಅಳತೆಯನ್ನು ಮೀರಿದ ಮೇಲೂ ಅದು ಕೆಲವು ವರ್ಷ ಮರ್ಯಾದೆಗೆಂದು ತಡೆದುಕೊಂಡಿತ್ತು. ಒಂದು ದಿನ ಸಲಾಮಿಗೆಂದು ಬಗ್ಗಿದಾಗ ಪಟ್ಟನೆ ಹರಿದು ಕೆಳಗೆ ಬಿತ್ತು.

ಹೊಸದು ಕೊಳ್ಳಲು ಮನಸ್ಸಿಲ್ಲದೆ ಅವನು ಅದನ್ನು ಜೀನಗಾರ ಗುಲಾಮ ದಸ್ತಗೀರನ ಅಂಗಡಿಗೆ ಒಯ್ದ. ಕುದುರೆಯ ಜೀನು, ಟಾಂಗಾದ ಲಗಾಮು ಹೊಲಿಯುವ ಮುದುಕ ಅವನು. ಒಂದೇ ದಾರ, ಅದರ ಎರಡು ತುದಿಗೆ ಎರಡು ಸೂಜಿ. ಆರಿಯಿಂದ ಒಂದು ತೂತು ಹಾಕುವುದು, ಆ ತೂತಿನಲ್ಲೇ ಈ ಸೂಜಿ ಅತ್ತ, ಆ ಸೂಜಿ ಇತ್ತ ದಾಟುವುದು, ಎರಡೂ ಕೈಯಿಂದ ಜಗ್ಗಿ ಬಿಗಿಯುವುದು. ಪ್ರಾಣೇಶರಾವ ನಿಂತವನು ನಿಂತಲ್ಲೇ ನಿಂತ. ಲೆಕ್ಕದ ಕಾಗದ ಬರೆದು ಬರೆದು ಬೇಸತ್ತ ಅವನ ಕೈಗೆ, ಜನ್ಮದಲ್ಲಿ ಮೊದಲ ಸಲ, ಏನೋ ಮಾಡಬೇಕೆಂಬ ತುರಿಕೆ ಹತ್ತಿತು.

"ಕಲಿಸ್ತೀರೇನು ಉಸ್ತಾದ?" ಎಂದು ಕೇಳಿಯೇಬಿಟ್ಟ.

"ಕಲೀರಿ ರಾವಸಾಬ, ಅದಕ್ಕೇನದ! ಆದ್ರ ಒಂದು ಮಾತು. ಕೈ ಒಂದೇ ತಾಳಕ್ಕ ನಡೀಬೇಕು. ಜಗ್ಗೋದು ಹೆಚ್ಚುಕಮ್ಮಿ ಆತಂದ್ರ ಹೊಲಿಗಿ ಹಲ್ಲು ಕಿಸಿದಂಗ ಕಾಣ್ತದ. ನಾ ಏನರ ಅಂದ್ಕೋತ ಹೊಲಿತೀನಿ. ನೀವು ನಿಮ್ಮ ದೇವರದೇನರ ಅನ್ರಿ."

ಪ್ರಾಣೇಶರಾವನಿಗೆ ಇದು ಬಲು ಹಿಡಿಸಿತು. ಅಪ್ಪ ಕಲಿಸಿದ ಉದ್ದನೆಯ ಸ್ತೋತ್ರವೊಂದು ಬಾಯಿಪಾಠವಿತ್ತು. ಒಂದು ನಾಮಕ್ಕೆ ಒಂದು ಹೊಲಿಗೆ ಎಂದು ಲೆಕ್ಕ ಹಾಕಿಕೊಂಡ. ಮನೆಯಲ್ಲಿ ಮಾತ್ರ ಈ ಕೆಲಸಕ್ಕೆ ದನದ ಕೊಟ್ಟಿಗೆಯೇ ಗತಿ. "ತೊಗಲು ಮುಟ್ಟಿದ ಕೈಲೆ ಹೊಸ್ತಿಲಾ ದಾಟಬ್ಯಾಡ್ರಿ" ಎಂದು ಹೆಂಡತಿ ಭಾಮಾ ಕೊಟ್ಟಿಗೆಯ ಬಾಗಿಲಿಗೇ ಸ್ನಾನದ ನೀರು ತಂದಿಡುತ್ತಿದ್ದಳು. ಹೀಗೆ ಮಿಂದು ಮಿಂದು ಅವನು ಒಂದು ಕೀಲಿಕೈ ಪಟ್ಟಿ, ಒಂದು ಚಾಳೀಸಿನ ಮನೆ, ತೊಗಲು ನೆನೆಸಿ ಅದರ ಮೇಲೆ ಮೊಳೆಯ ತುದಿಯಿಂದ ತುಳಸಿದಳ ಬಡಿದ ಒಂದು ಚಿಲ್ಲರೆ ಚೀಲ, ಇಷ್ಟನ್ನು ಮಾಡಿ ಮುಗಿಸಿದ. ತುಳಸಿದಳ ನೋಡಿದವರೆಲ್ಲ ಜಿರಲೆ ಚೆನ್ನಾಗಿ ಬಂದಿದೆ ಎಂದರು.

ಅಷ್ಟರಲ್ಲಿ ಜೊತೆಯ ಗುಮಾಸ್ತ ಅಂಬರಾಯ ಕಿವಿಯಲ್ಲಿ ಒಂದು ಮಾತು ಊದಿದ. "ಚಿಂಚೋಳಿ ಠಾಣೇಕ ಯಾರನ್ನೋ ಕಳಸಾಕತ್ತಾರ್ರಿ. ನಿಮ್ಮ ಹೆಸರೇ ಕೇಳಾಕತ್ತೀನಿ."

ಚಿಂಚೋಳಿಯ ಠಾಣೆಯೆಂದರೆ ಕಾಡಿನ ಅಂಚಿನಲ್ಲಿದ್ದ ಜಾಗೀರಿನ ಹೊರಕಚೇರಿ. ಹೋದವರಿಗೆ ಮೊದಲು ಚಳಿಜ್ವರ ಬರುತ್ತಿತ್ತು, ಆಮೇಲೆ ತಿರುಗಿ ಬರಲು ಬಂಡಿ ಸಿಗುತ್ತಿರಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಮದುವೆಯಾಗಿ ಎಷ್ಟೋ ವರ್ಷ ಕಾದ ಮೇಲೆ ಭಾಮಾ ಈಗ ಬಸುರಿ. ಅವಳ ತೌರು ಸೇಡಂ. ಚಿತ್ತಾಪುರದಲ್ಲಿ ರೈಲು ಹತ್ತಿದರೆ ವೀಳ್ಯ ಜಗಿದು ಮುಗಿಸುವುದರೊಳಗೆ ಅಲ್ಲಿ ಇಳಿಯಬಹುದು. ಚಿಂಚೋಳಿಯಲ್ಲಿದ್ದುಕೊಂಡು ಮಗುವಿನ ಮುಖ ನೋಡುವುದು ಯಾವಾಗ? ಅವನಿಗೆ ಅನ್ನ ಸೇರದಾಯಿತು.

ಆ ಸ್ಥಿತಿಯಲ್ಲಿರುವಾಗಲೇ ಒಂದು ಸಂಜೆ ಕಚೇರಿಯ ಮುಖ್ಯಸ್ಥರಾದ ನಾಜಿಮ್ ಅಬ್ದುಲ್ ಮಜೀದ ಸಾಹೇಬರು ಅವನನ್ನು ಒಬ್ಬನನ್ನೇ ಒಳಕೋಣೆಗೆ ಕರೆದರು. ಬಾಗಿಲು ಹಾಕಿದರು. ಕಿಟಕಿಯನ್ನೂ ಹಾಕಿದರು. ಆಮೇಲೆ, ನೋಡನೋಡುತ್ತ, ಬಾಯಿಗೆ ಕೈ ಹಾಕಿ ತಮ್ಮ ಹಲ್ಲುಗಳನ್ನೆಲ್ಲ ತೆಗೆದು ಮೇಜಿನ ಮೇಲಿಟ್ಟರು. ಪ್ರಾಣೇಶರಾವ ಕುರ್ಚಿ ಹಿಡಿದುಕೊಂಡ.

ಕಟ್ಟಿಸಿದ ಹಲ್ಲು. ಬೊಂಬಾಯಿಯಿಂದ ತರಿಸಿದ್ದಂತೆ. ಊರಲ್ಲಿ ಒಬ್ಬರಿಗೂ ಗೊತ್ತಿಲ್ಲ. ಹೊಸದಾಗಿ ನಿಕಾಹ್ ಮಾಡಿಕೊಂಡ ಅಖ್ತರ ಬೇಗಂ ಅವರಿಗಂತೂ ಗೊತ್ತೇ ಇಲ್ಲ. ಬೇಗಂ ಶಹಾಬಾದಿನ ತೌರಿಗೆ ಹೋದದ್ದರಿಂದ ಈ ರಾತ್ರಿ ಹಲ್ಲಿಗೆ ಬಿಡುವು. ಅದು ಈಗ ಒಂದು ತಗಡಿನ ಡಬ್ಬಿಯಲ್ಲಿ ಗಡಗಡ ಸದ್ದು ಮಾಡುತ್ತದೆ. ಅಳತೆಗೆ ಸರಿಯಾಗಿ ಕೂಡುವ ಒಂದು ತೊಗಲಿನ ಚೀಲ ಬೇಕು, ಜೀನಗಾರನಿಗೆ ಹೇಳಿದರೆ ಊರಿಗೇ ಹೇಳಿದಂತೆ, ಆದ್ದರಿಂದ ನೀವೇ ಮಾಡಿಕೊಡಬೇಕು ಎಂದರು. ಇಷ್ಟನ್ನೂ ಮತ್ತೆ ಹಲ್ಲು ಹಾಕಿಕೊಂಡೇ ಹೇಳಿದರು.

"ಮುಂಜಾನಿ ಕಚೇರಿ ತೆರಿಯೋದ್ರೊಳಗ ನನ್ನ ಕೈಯಾಗ ಇರಬೇಕು, ಪ್ರಾಣೇಶರಾವ. ನಾಳೆ ನವಾಬ ಸಾಹೇಬ್ರ ಸೆಕ್ರೆಟರಿ ಹೈದರಾಬಾದಲಿಂದ ಬರಾಕತ್ತಾರ. ಇದೊಂದು ಮಾಡಿಕೊಡ್ರಿ. ಆಮ್ಯಾಲ ನಿಮ್ಮದೇನು ಮಾತದನೋ ಅದನ್ನ ಕೇಳೋದು ನನ್ನ ಕೆಲಸ."

ಚಿಂಚೋಳಿಯಿಂದ ಪಾರಾಗುವ ದಾರಿ ಇದೇ ಎಂದು ಪ್ರಾಣೇಶರಾವ ಹಲ್ಲುಗಳನ್ನು ಕಣ್ಣಿಗೆ ಒತ್ತಿಕೊಂಡು ತಂದ.

ಮರುದಿನ ಕೋಳಿ ಕೂಗುವ ಹೊತ್ತಿಗೇ ಎದ್ದು ಕೊಟ್ಟಿಗೆಯಲ್ಲಿ ಕುಳಿತ. ನೆನೆಸಿದ ಎರಡು ತುಂಡು ತೊಗಲಿನ ನಡುವೆ ಹಲ್ಲಿಟ್ಟು, ಬೆರಳಿಂದ ಒತ್ತಿ ಒತ್ತಿ ಆಕಾರ ಕೂಡಿಸಿದ. ಒಳಗೆ ಸಾಮಾನು ಇದ್ದಾಗಲೇ ಹೊಲಿದರೆ ಚೀಲ ಬಿಗಿಯಾಗಿ ಕೂಡುತ್ತದೆಂದು ಉಸ್ತಾದ ಹೇಳಿಕೊಟ್ಟಿದ್ದ. ದಾರಕ್ಕೆ ಜೇನುಮೇಣ ತೀಡಿ, ಕಣ್ಣು ಅರೆಮುಚ್ಚಿ, ಸ್ತೋತ್ರ ಹಿಡಿದ.

ಕೈ ಇಂದು ಎಂದೂ ಇಲ್ಲದಂತೆ ನಡೆಯಿತು. ಒಂದು ನಾಮ, ಒಂದು ಹೊಲಿಗೆ. ಒಂದು ಬದಿ ಮುಗಿಯಿತು, ಬುಡ ಮುಗಿಯಿತು, ಇನ್ನೊಂದು ಬದಿಯೂ ಮುಗಿಯಿತು. ಆದರೆ ಸ್ತೋತ್ರ ಮುಗಿದಿರಲಿಲ್ಲ. ಇದನ್ನು ನಡುವೆ ಬಿಟ್ಟೆದ್ದರೆ ಊರು ಬಿಡಬೇಕಾಗುತ್ತದೆ ಎಂದು ಅಪ್ಪ ಮತ್ತೆ ಮತ್ತೆ ಹೇಳಿದ್ದ. ಚಿಂಚೋಳಿ ತಲೆಯ ಮೇಲೆ ತೂಗುತ್ತಿರುವಾಗ ಅಂಥ ಕೆಲಸ ಯಾರು ಮಾಡುತ್ತಾರೆ? ಪ್ರಾಣೇಶರಾವ ಭಕ್ತಿಯಿಂದ ಮುಂದುವರಿಸಿದ. ನಾಮ ನಡೆಯಿತು, ಕೈಯೂ ನಡೆಯಿತು. ಕೊನೆಯ ನಾಮಕ್ಕೂ ಕೊನೆಯ ಹೊಲಿಗೆಗೂ ಸರಿಯಾಗಿ ಕೂಡಿಬಂದಾಗ ಅವನ ಕಣ್ಣಲ್ಲಿ ನೀರು ಬಂತು. ಚೀಲವನ್ನು ಒಣಗಲೆಂದು ಬಚ್ಚಲ ಒಲೆಯ ಕಟ್ಟೆಯ ಮೇಲಿಟ್ಟು, ಸ್ನಾನ ಸಂಧ್ಯಾವಂದನೆ ಮುಗಿಸಿ, ಹಣೆಗೆ ಅಂಗಾರ ಇಟ್ಟುಕೊಂಡು ಬಂದು, ಹಲ್ಲು ಹೊರಗೆ ತೆಗೆಯೋಣವೆಂದು ಚೀಲ ಎತ್ತಿಕೊಂಡ.

ಚೀಲವನ್ನು ತಿರುಗಿಸಿದ. ಇನ್ನೊಮ್ಮೆ ತಿರುಗಿಸಿದ. ನಾಲ್ಕನೆಯ ಬದಿಯಿಂದ ಮೊದಲನೆಯ ಬದಿಗೆ ಬಂದ. ಚೀಲಕ್ಕೆ ಬಾಯಿ ಇರಲಿಲ್ಲ.

ಒಲೆಯ ಕಾವಿಗೆ ತೊಗಲು ಕುಗ್ಗಿ ಕಟ್ಟಿಗೆಯಂತಾಗಿತ್ತು. ಒಳಗಿನ ಹಲ್ಲುಗಳ ಸಾಲು ಮೇಲಿನದು ಮೇಲೆ, ಕೆಳಗಿನದು ಕೆಳಗೆ, ತೊಗಲಿನ ಮೇಲೆ ಒಂದೊಂದಾಗಿ ಮೂಡಿ ನಿಂತಿತ್ತು. ಚೀಲ ಅವನನ್ನು ನೋಡಿ ಹಲ್ಲು ಕಿಸಿಯುತ್ತಿತ್ತು.

ಗಾಬರಿಯಲ್ಲಿ ಅವನಿಗೆ ಮೊದಲು ಕಂಡದ್ದು ಅಡಿಗೆಮನೆಯ ಈಳಿಗೆ. ಕುಳಿತು ಚೀಲವನ್ನು ಅದರ ಅಲಗಿಗೆ ಹಚ್ಚುವಷ್ಟರಲ್ಲಿ ಭಾಮಾ ಬಂದಳು.

"ಅಯ್ಯೋ! ಈಳಿಗಿಗೆ ತೊಗಲಾ ಹಚ್ಚಲಿಕತ್ತೀರಲ್ರೀ! ನಾ ಇನ್ನ ಯಾವುದರ ಮ್ಯಾಲೆ ಕಾಯಿಪಲ್ಯಾ ಹೆಚ್ಚಲಿ?"

ಅವಳ ಕೂಗಿಗೆ ಪಕ್ಕದ ಮನೆಯ ಸರಸ್ವತಿಬಾಯಿ ಬಂದರು. ಓಣಿಯ ಎಲ್ಲರ ಮಡಿಯೂ ತಮ್ಮ ಉಸ್ತುವಾರಿಯಲ್ಲಿದೆ ಎಂದು ತಿಳಿದ ವಿಧವೆ ಮುದುಕಿ. ಕೂಗಿದ್ದು ಯಾರು ಎಂಬುದಕ್ಕಿಂತ ಕೈಯಲ್ಲಿದ್ದುದು ಏನು ಎಂಬುದರ ಮೇಲೆ ಅವರ ಕಣ್ಣು.

"ಏನೋ ಅದು ಪ್ರಾಣೇಶಾ? ಒಳಗ ಉಬ್ಬುಬ್ಬಾಗಿ ಏನೇನೋ ಅವ."

ಪ್ರಾಣೇಶರಾವನಿಗೆ ಗುಟ್ಟು ಬಿಡುವಂತಿಲ್ಲ. ಸಣ್ಣದು, ಗಟ್ಟಿಯಾದದ್ದು, ಮನೆಯಲ್ಲಿರುವಂಥದ್ದು ಯಾವುದೆಂದು ಹುಡುಕುತ್ತಿದ್ದ ಅವನ ಕಣ್ಣು ಎದುರಿಗೇ ಇದ್ದ ದೇವರಪೆಟ್ಟಿಗೆಯ ಮೇಲೆ ಬಿತ್ತು. "ಸಾಲಿಗ್ರಾಮ, ಕಾಕು" ಎಂದುಬಿಟ್ಟ.

ಹೇಳಿದ ಮೇಲೆ ಹೇಳಬಾರದಿತ್ತೆಂದು ಗೊತ್ತಾಯಿತು. ಸರಸ್ವತಿಬಾಯಿ ಗೋಡೆ ಹಿಡಿದುಕೊಂಡರು. "ಸಾಲಿಗ್ರಾಮನ್ನ... ತೊಗಲಾಗ... ಹೊಲದೀ?"

"ತಪ್ಪಾತು ಕಾಕು. ಅದಕ್ಕ ಈಗ ಕೊಯ್ದು ತೆಗೀಲಿಕತ್ತೀನಿ."

"ಏ, ದೇವರ ಮ್ಯಾಲೆ ಈಳಿಗಿ ಹಾಕ್ತೀಯಾ? ಒಂದು ಪಾಪ ಸಾಲದಂತ ಇನ್ನೊಂದು? ಆಚಾರ್ಯರು ಬರೋತನಕಾ ಅದಕ್ಕ ಒಂದು ಚಾಕು ತಾಕಬಾರದು, ನೋಡು!" ಎಂದು ಮುದುಕಿ ಆಚಾರ್ಯರನ್ನು ಕರೆಯಲು ಹೊರಟೇ ಹೋದರು.

ಆಚಾರ್ಯರು ಬಂದರೆ ಪಂಚಗವ್ಯ, ಹೋಮ; ಬಿಚ್ಚಿ ನೋಡಿದರೆ ಸಾಲಿಗ್ರಾಮದ ಬದಲು ನಾಜಿಮ್ ಸಾಹೇಬರ ದವಡೆ. ಪ್ರಾಣೇಶರಾವ ಚೀಲವನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿಗಿಳಿಸಿ, ದಸ್ತಾರನ್ನು ಬಗಲಲ್ಲಿ ಹಿಡಿದು, ಹಿತ್ತಲ ಬಾಗಿಲಿಂದ ಹೊರಬಿದ್ದ.

ಜೀನಗಾರನ ಅಂಗಡಿಗೆ ಬೀಗ ಬಿದ್ದಿತ್ತು. ಬಾಗಿಲಲ್ಲಿ ಅವನ ಹೆಂಡತಿ ಜಾನಬಿ ಅಕ್ಕಿ ಆರಿಸುತ್ತ ಕುಳಿತಿದ್ದಳು.

"ಅವ್ರು ವಾಡೀಗಿ ಹೋಗ್ಯಾರ್ರಿ ರಾಯರ, ಜೀನು ಕೊಟ್ಟು ಬರಾಕ. ಸಂಜಿ ಗಾಡೀಗಿ ಬರ್ತಾರ."

"ರಂಪಿಗಿ, ಆರಿ ಏನರ ಅದಾವೇನು ಜಾನಬಿ? ಒಂದು ಹೊಲಿಗಿ ಬಿಚ್ಚೋದದ."

"ಕೀಲಿ ಅವರ ನಡದಾಗ ಅದರ್ರಿ. ಹೊಲಿಗಿ ಬಿಚ್ಚೋದಂದ್ರಾ? ಅವರ ಹೊಲಿಗಿ ಬಿಚ್ಚಿದವರನ್ನ ನಾ ಇನ್ನ ಕಂಡಿಲ್ಲ. ಒಂದು ಎಳಿ ಹರದ್ರೂ ಇನ್ನೊಂದು ಎಳಿ ಹಿಡದಿರ್ತದ. ನಿಮ್ಗೂ ಅದೇ ಕಲಸ್ಯಾರಂತಲ್ಲ?" ಎಂದು ಅವಳು ಅಭಿಮಾನದಿಂದ ನಕ್ಕಳು.

ಕಲಿಸಿದ್ದರು. ಅದೇ ದುಃಖ.

ಕಚೇರಿ ತಲುಪುವ ಹೊತ್ತಿಗೆ ಅಲ್ಲಿ ಗುಸುಗುಸು ಎದ್ದಿತ್ತು. ಜವಾನ ಮಡಿವಾಳಯ್ಯ ಬಾಗಿಲಲ್ಲೇ ತಡೆದ.

"ನಾಜಿಮ್ ಸಾಹೇಬ್ರು ಬಾಯಿ ಬಿಡವಲ್ರರೀ! ಮೂಗಿನತನಕ ಗಲುಬಂದ ಸುತ್ಕೊಂಡು ಬಂದಾರ. ಸಲಾಂ ಮಾಡಿದೆ, ಮಾತಿಲ್ಲ. ಚಾ ಇಟ್ಟೆ, ಗ್ವಾಡಿ ಕಡಿ ತಿರುಗಿ ಕುಡದ್ರು."

ಮೇಲಿನವರು ಮಾತಾಡದಿದ್ದರೆ ಕೈಕೆಳಗಿನವರಿಗೆ ಅವರವರ ತಪ್ಪುಗಳೆಲ್ಲ ನೆನಪಾಗುತ್ತವೆ. ಲೆಕ್ಕದವನು ಹಳೆಯ ಲೆಕ್ಕ ತಿದ್ದಲು ಕುಳಿತ. ಉಗ್ರಾಣದವನು ಎಂದೋ ಮನೆಗೆ ಒಯ್ದಿದ್ದ ಕಂದೀಲನ್ನು ಸದ್ದಿಲ್ಲದೆ ತಂದಿಟ್ಟ. ಅಂಬರಾಯ ಮಾತ್ರ ಪ್ರಾಣೇಶರಾವನನ್ನು ಕನಿಕರದಿಂದ ನೋಡಿ, "ಮನಸ್ಸಿಗಿ ಹಚ್ಕೊಂಡಾರ ಕಾಣ್ತದ್ರಿ. ನಿಮ್ಮನ್ನ ಚಿಂಚೋಳೀಗಿ ಕಳಸ್ಬೇಕಂದ್ರ ಅವರಿಗೂ ಸಂಕಟ ಅಲ್ಲೇನ್ರಿ" ಎಂದ.

ಒಳಕೋಣೆಯಿಂದ ಒಂದು ಬೆರಳು ಹೊರಗೆ ಬಂದು ಪ್ರಾಣೇಶರಾವನನ್ನು ಕರೆಯಿತು.

ಬಾಗಿಲು ಹಾಕಿದ ಮೇಲೆ ನಾಜಿಮ್ ಸಾಹೇಬರು ಎರಡೂ ಕೈ ಚಾಚಿದರು. ಪ್ರಾಣೇಶರಾವ ಚೀಲವಿಟ್ಟ. ಅವರು ಮೊದಲು ಮೆಚ್ಚಿ ತಲೆದೂಗಿದರು. ಆಮೇಲೆ ತಿರುಗಿಸಿದರು. ಇನ್ನೊಮ್ಮೆ ತಿರುಗಿಸಿದರು. ಬೆಳಿಗ್ಗೆ ತಾನು ಮಾಡಿದ್ದನ್ನೆಲ್ಲ ಅವರು ಅದೇ ಕ್ರಮದಲ್ಲಿ ಮಾಡುವುದನ್ನು ಪ್ರಾಣೇಶರಾವ ನೋಡುತ್ತ ನಿಂತ.

"ಬಾಯಿ?" ಎಂದು ಅವರ ಕಣ್ಣು ಕೇಳಿತು.

"ಸ್ತೋತ್ರ ಮುಗಿದಿರಲಿಲ್ರಿ" ಎಂದ ಪ್ರಾಣೇಶರಾವ. ಸಾಹೇಬರಿಗೆ ಅರ್ಥವಾಗಲಿಲ್ಲ. ಅವನಿಗೂ ಬಿಡಿಸಿ ಹೇಳುವ ಧೈರ್ಯವಿರಲಿಲ್ಲ.

ಮೇಜಿನ ಮೇಲೆ ಲೆಕ್ಕಣಿಕೆ ಹೆರೆಯುವ ಪುಟ್ಟ ಚಾಕುವಿತ್ತು. ಅದನ್ನು ಹಚ್ಚಿದರೆ ತುದಿ ಹೊಲಿಗೆಯ ಗೀರಿನಲ್ಲಿ ಕೂಡಲೊಲ್ಲದು. ಒತ್ತಿದರೆ ಒಳಗೆ ಟಕ್ ಎಂದು ಹಲ್ಲಿಗೆ ತಾಕುವುದು. ತಾಕಿದಾಗೊಮ್ಮೆ ಸಾಹೇಬರು ತಮ್ಮದೇ ದವಡೆ ಹಿಡಿದುಕೊಂಡು ಮುಖ ಕಿವುಚುವರು. ಒಂದು ಎಳೆ ಹರಿಯಿತು; ಇನ್ನೊಂದು ಎಳೆ ಉಸ್ತಾದನ ಹೆಸರು ಉಳಿಸಿತು. ಎರಡನೆಯ ಯತ್ನಕ್ಕೆ ಚಾಕುವಿನ ತುದಿಯೇ ಮುರಿಯಿತು. ಕಡೆಗೆ ಸಾಹೇಬರು ಸಿಟ್ಟಿನಿಂದ ಚೀಲವನ್ನು ಕಸಿದುಕೊಂಡು ದಾರವನ್ನು ಬಾಯಲ್ಲಿ ಕಚ್ಚಿ ಹರಿಯಲು ಹೋದರು. ಕಚ್ಚಲು ಬೇಕಾದದ್ದು ಚೀಲದ ಒಳಗಿತ್ತು.

ಅಷ್ಟರಲ್ಲಿ ಹೊರಗೆ ಟಾಂಗಾದ ಗೆಜ್ಜೆ ಕೇಳಿಸಿತು. ಮಡಿವಾಳಯ್ಯ ಬಾಗಿಲು ಬಡಿದ. "ಸೆಕ್ರೆಟರಿ ಸಾಹೇಬ್ರು ಬಂದ್ರರೀ!"

ನಾಜಿಮ್ ಸಾಹೇಬರು ಚೀಲವನ್ನು ಮತ್ತೆ ಅದರ ಕರವಸ್ತ್ರದಲ್ಲಿ ಸುತ್ತಿ ಪ್ರಾಣೇಶರಾವನ ಜೇಬಿಗೆ ತುರುಕಿ, ಗಲುಬಂದ ಮೂಗಿಗೇರಿಸಿ ಓಡಿದರು.

ಬಂದ ಸೆಕ್ರೆಟರಿ ಸಾಹೇಬರು ಬೆಳ್ಳಗೆ ದುಂಡಗೆ ಇದ್ದ ಗೃಹಸ್ಥರು. ಎದುರಿನವರಿಗೆ ಒಂದು ಮಾತೂ ಉಳಿಸದಂತೆ ಉರ್ದುವಿನಲ್ಲಿ ಸುರಿಯುವವರು. ನಾಜಿಮ್ ಸಾಹೇಬರು ಗಲ್ಲ ಮುಟ್ಟಿಕೊಂಡು ನರಳಿದ್ದನ್ನು ನೋಡಿ, "ಹಲ್ಲುನೋವೇ? ಅಯ್ಯೋ ಪಾಪ" ಎಂದು ತಾವೇ ಹೇಳಿದರು. ಮಡಿವಾಳಯ್ಯ ಓಡಿಹೋಗಿ ಲವಂಗ ತಂದು, ನೋಯುವ ಹಲ್ಲಿನ ಕೆಳಗೆ ಇಟ್ಟುಕೊಳ್ಳಿರೆಂದು ಎಲ್ಲರ ಮುಂದೆ ಕೊಟ್ಟ. ಸಾಹೇಬರು ಅದನ್ನು ಜೇಬಿನಲ್ಲಿಟ್ಟುಕೊಂಡರು.

ಇನ್ನು ನಜರು. ದೊಡ್ಡವರು ಬಂದಾಗ ಪ್ರತಿಯೊಬ್ಬನೂ ಕರವಸ್ತ್ರದ ಮೇಲೆ ಒಂದು ರೂಪಾಯಿ ಇಟ್ಟು, ಎರಡೂ ಅಂಗೈಯಲ್ಲಿ ಹಿಡಿದು, ತಲೆ ತಗ್ಗಿಸಿ ಒಪ್ಪಿಸಬೇಕು. ಅವರು ಅದನ್ನು ಬೆರಳಿಂದ ಮುಟ್ಟಿ ಬಿಟ್ಟರೆ ರೂಪಾಯಿ ಮರಳಿ ನಮ್ಮ ಜೇಬಿಗೆ. ಮನಸ್ಸಿಗೆ ಬಂದುದನ್ನು ಅವರು ಇಟ್ಟುಕೊಂಡರೂ ಕೇಳುವಂತಿಲ್ಲ. ಪ್ರಾಣೇಶರಾವನ ಬಲಜೇಬಿನಲ್ಲಿ ನಜರಿನ ಕರವಸ್ತ್ರ, ಎಡಜೇಬಿನಲ್ಲಿ ಚೀಲದ ಕರವಸ್ತ್ರ. ಸಾಲು ಮುಂದೆ ಸರಿಯುತ್ತಿತ್ತು. ಸಾಹೇಬರು ಚೀಲವನ್ನು ಯಾವ ಜೇಬಿಗೆ ತುರುಕಿದರು? ಎಡಕ್ಕೋ, ಬಲಕ್ಕೋ? ಅವರು ಎದುರಿಗೆ ನಿಂತು ತುರುಕಿದ್ದು, ಅಂದರೆ ಅವರ ಬಲ ತನ್ನ ಎಡ. ಆದರೆ ತಾನು ಆಗ ಬಾಗಿಲ ಕಡೆ ತಿರುಗಿದ್ದೆನೋ ಇಲ್ಲವೋ? ಅಷ್ಟರಲ್ಲಿ ಅವನ ಸರದಿ ಬಂತು. ಅವನು ಕೈಗೆ ಸಿಕ್ಕಿದ ಕರವಸ್ತ್ರ ತೆಗೆದು, ಬಿಡಿಸಿ, ಅಂಗೈ ಮೇಲೆ ಹಿಡಿದು ತಲೆ ತಗ್ಗಿಸಿದ.

ಮೇಲಿನಿಂದ ಯಾರೂ ಮುಟ್ಟಲಿಲ್ಲ. ಬದಲಿಗೆ ಅಂಗೈ ಹಗುರವಾಯಿತು.

ತಲೆ ಎತ್ತಿದರೆ ಚೀಲ ಸೆಕ್ರೆಟರಿ ಸಾಹೇಬರ ಕೈಯಲ್ಲಿತ್ತು. ಅವರ ಹಿಂದೆ, ಗಲುಬಂದದ ಮೇಲೆ, ನಾಜಿಮ್ ಸಾಹೇಬರ ಕಣ್ಣುಗಳೆರಡೂ ಹೊರಗೆ ಬಂದಿದ್ದವು.

"ವಾಹ್!" ಎಂದರು ಸೆಕ್ರೆಟರಿ. ಇದೇನು ಕುಸುರಿ! ತೊಗಲಿನ ಮೇಲೆ ದಾಳಿಂಬೆಯ ಬೀಜದ ಸಾಲು! ಒಂದಕ್ಕಿಂತ ಒಂದು ಬೇರೆ, ಜೀವ ಬಂದಂತೆ! ಬಾಯಿ ಇಲ್ಲ, ಅಂದರೆ ಕಾಗದ ಹಾರದಂತೆ ಮೇಲೆ ಇಡುವ ಗುಂಡು ಇರಬೇಕು. ಎಷ್ಟು ಒಳ್ಳೆಯ ಭಾರ! ಒಳಗೆ ಏನು ತುಂಬಿದ್ದೀರಿ?

ಪ್ರಾಣೇಶರಾವ ನಾಜಿಮ್ ಸಾಹೇಬರನ್ನು ನೋಡಿದ. ಅವರು ಆಕಾಶ ನೋಡಿದರು.

"ಕಲ್ಲು, ಹುಜೂರ್" ಎಂದ.

ಯಾರು ಮಾಡಿದ್ದೆಂದು ಕೇಳಿದಾಗ, ಅಂಬರಾಯ ಎಂದೂ ಇಲ್ಲದ ಉದಾರತನದಿಂದ ಮುಂದೆ ಬಂದು, "ಇವರೇ ಹುಜೂರ್, ನಮ್ಮ ಪ್ರಾಣೇಶರಾವ ಅವರೇ ಸ್ವಂತ ಕೈಯಿಂದ" ಎಂದು ಬೆನ್ನು ತಟ್ಟಿದ.

ಸೆಕ್ರೆಟರಿ ಸಾಹೇಬರು ಕುಳಿತಲ್ಲಿಂದ ಎದ್ದೇಬಿಟ್ಟರು. ನವಾಬ ಸಾಹೇಬರಿಗೆ ಬಹಳ ದಿನದಿಂದ ಒಂದು ಆಸೆ: ಚಿಂಚೋಳಿಯ ಕಾಡಿನಲ್ಲಿ ತೊಗಲು ಹದ ಮಾಡುವ ತಂಗಡಿ ತೊಗಟೆ ಬೇಕಾದಷ್ಟಿದೆ, ಅಲ್ಲಿಯೇ ಒಂದು ಕಾರ್ಖಾನೆ ಇಡಬೇಕು. ನೋಡಿಕೊಳ್ಳುವ ಮನುಷ್ಯ ಮಾತ್ರ ಸಿಕ್ಕಿರಲಿಲ್ಲ. ಓದು ಬಲ್ಲವನಿಗೆ ಸೂಜಿ ಗೊತ್ತಿಲ್ಲ, ಸೂಜಿ ಬಲ್ಲವನಿಗೆ ಲೆಕ್ಕ ಗೊತ್ತಿಲ್ಲ. ಈಗ ದೇವರೇ ಕೊಟ್ಟ! ಇವರೇ ಆ ಕಾರ್ಖಾನೆಯ ದಾರೋಗ. ಈ ವಾರವೇ ಹೊರಡಲಿ.

ಪ್ರಾಣೇಶರಾವನ ಕಿವಿ ಗುಂಯ್ ಎಂದಿತು. ತಾನು ಕೇಳಿದ್ದು ಚಿಂಚೋಳಿಯೇ? ಚಿಂಚೋಳಿಯಿಂದ ತಪ್ಪಿಸಿಕೊಳ್ಳಲೆಂದು ಹೊಲಿದ ಚೀಲ ಚಿಂಚೋಳಿಯ ಚೀಟಿಯಾದದ್ದು ಯಾವ ಹೊಲಿಗೆಯಲ್ಲಿ? "ಹುಜೂರ್, ನಮ್ಮ ಮನಿಯಾಗ..." ಎಂದು ತೊದಲಿದ. ಸೆಕ್ರೆಟರಿ ಅವನ ಮಾತನ್ನು ಸಂತೋಷದ ತೊದಲೆಂದೇ ತಿಳಿದರು. ಆದರೂ ಪದ್ಧತಿ ಬಿಡದೆ ನಾಜಿಮ್ ಸಾಹೇಬರ ಕಡೆ ತಿರುಗಿ, ಇವರು ನಿಮ್ಮ ಕಚೇರಿಯವರು, ಕೊಡಲಾಗದಿದ್ದರೆ ಒಂದು ಮಾತು ಹೇಳಿಬಿಡಿ, ನಿಮ್ಮ ಮಾತು ಮೀರಿ ಕರೆದೊಯ್ಯುವವನು ನಾನಲ್ಲ ಎಂದರು.

ಕಚೇರಿಯೆಲ್ಲ ನಾಜಿಮ್ ಸಾಹೇಬರ ಬಾಯಿಯನ್ನೇ ನೋಡಿತು. ಪ್ರಾಣೇಶರಾವ ಜನ್ಮದಲ್ಲಿ ಯಾವ ದೇವರನ್ನೂ ಅಷ್ಟು ಆಸೆಯಿಂದ ನೋಡಿರಲಿಲ್ಲ. ಒಂದು ಮಾತು. ಸಾಹೇಬರ ಕೈ ಗಲುಬಂದಕ್ಕೆ ಹೋಯಿತು, ಅಲ್ಲಿಯೇ ತಡೆಯಿತು. ಎದುರಿಗೆ ಮಡಿವಾಳಯ್ಯನಿದ್ದ, ಲೆಕ್ಕದವನಿದ್ದ, ಅಂಬರಾಯನಿದ್ದ. ಇಂದು ಬಾಯಿ ತೆರೆದರೆ ಸಂಜೆಯೊಳಗೆ ಶಹಾಬಾದಿನಲ್ಲಿರುವ ಬೇಗಂ ಅವರ ಕಿವಿಗೆ ಸುದ್ದಿ. ಅವರು ಗಲುಬಂದ ಬಿಟ್ಟು, ಬೇಡ ಬೇಡ ಎಂಬಂತೆ ಕೈ ಎತ್ತಿದರು.

ಸೆಕ್ರೆಟರಿ ಸಾಹೇಬರು ಆ ಎತ್ತಿದ ಕೈಯನ್ನೇ ಎರಡೂ ಕೈಯಿಂದ ಹಿಡಿದು ಕುಲುಕಿದರು. ನೋವಿನಲ್ಲೂ ಇಂಥ ದೊಡ್ಡ ಮನಸ್ಸು, ನವಾಬರಿಗೆ ತಪ್ಪದೆ ತಿಳಿಸುತ್ತೇನೆ ಎಂದರು. ಅಂಬರಾಯ ಎಲ್ಲರಿಗಿಂತ ಮೊದಲು ಚಪ್ಪಾಳೆ ಹೊಡೆದ.

ಸಂಜೆಯ ಗಾಡಿ ವಾಡಿಯ ಕಡೆಯಿಂದ ಬಂದು ನಿಂತಿತು. ಸೆಕ್ರೆಟರಿ ಸಾಹೇಬರು ಹತ್ತಿದರು. ದಾರಿಯುದ್ದಕ್ಕೂ ಪ್ರಾಣೇಶರಾವ ಚೀಲವನ್ನು ಹೇಗಾದರೂ ಮರಳಿ ಪಡೆಯಲು ನೋಡಿದ್ದ. ಇನ್ನೂ ಚೆಂದದ್ದು ಮಾಡಿಕೊಡುತ್ತೇನೆ, ಇದನ್ನು ಬಿಡಿ ಎಂದರೆ, ಅದನ್ನು ಚಿಂಚೋಳಿಯಿಂದ ಕಳಿಸಿರಿ ಎಂದು ಅವರು ಚೀಲವನ್ನು ಎದೆಯ ಹತ್ತಿರದ ಜೇಬಿಗೆ ಸೇರಿಸಿದ್ದರು. ಗಾಡಿ ಹೊರಟಾಗ ಕಿಟಕಿಯಿಂದ ಅದನ್ನು ಎತ್ತಿ ತೋರಿಸಿದರು. ನಾಜಿಮ್ ಸಾಹೇಬರ ಹಲ್ಲುಗಳು ನಾಜಿಮ್ ಸಾಹೇಬರಿಗೆ ಹಲ್ಲು ಕಿಸಿಯುತ್ತ ಸೇಡಂ ಕಡೆ ಸಾಗಿದವು.

ಕಟಕಟೆಯ ಆಚೆ ಆಚಾರ್ಯರನ್ನು ಹಿಂದಿಟ್ಟುಕೊಂಡು ಬಂದಿದ್ದ ಸರಸ್ವತಿಬಾಯಿ ಎದೆ ಬಡಿದುಕೊಂಡರು. "ಮನಿ ದೇವರನ್ನ ರೈಲು ಹತ್ತಿಸಿ ಕಳಸಿದೆಲ್ಲೋ, ಪ್ರಾಣೇಶಾ! ಈ ಓಣ್ಯಾಗ ನೀ ಹ್ಯಾಂಗ ಇರ್ತಿ, ನೋಡೇಬಿಡ್ತೀನಿ!"

ಅದರ ಚಿಂತೆ ಅವರಿಗೆ ಬೇಕಿರಲಿಲ್ಲ.

ಪ್ಲಾಟ್‌ಫಾರಂ ಖಾಲಿಯಾದ ಕಡೆ ನಾಜಿಮ್ ಸಾಹೇಬರು ಪ್ರಾಣೇಶರಾವನನ್ನು ಕರೆದೊಯ್ದು, ಸುತ್ತ ನೋಡಿ, ಇಡೀ ದಿನದಲ್ಲಿ ಮೊದಲ ಸಲ ಗಲುಬಂದ ಇಳಿಸಿದರು. ಹಲ್ಲಿಲ್ಲದ ಮಾತನ್ನು ಸರಿಪಡಿಸಿ ಬರೆದರೆ ಹೀಗೆ:

"ನಿಮ್ಮ ಮಾತು ಕೇಳ್ತೀನಂತ ನಿನ್ನಿ ಅಂದಿದ್ದೆ. ಏನಿತ್ತು?"

"ನನ್ನನ್ನ ಚಿಂಚೋಳೀಗಿ ಕಳಸಬ್ಯಾಡ್ರಿ ಅಂತ ಕೇಳೋದಿತ್ರಿ."

ಸಾಹೇಬರು ಕಣ್ಣು ಕಿರಿದು ಮಾಡಿದರು. "ನಿಮ್ಮನ್ನ? ಯಾರಂದ್ರು? ಅಲ್ಲಿಗಿ ಅಂಬರಾಯನ್ನ ಕಳಸೋದು ಎಂದೋ ಆಗಿತ್ತು. ಈಗ ನೀವೇ ಹೊಂಟ ಮ್ಯಾಲ ಕಚೇರಿಗಿ ಒಬ್ಬ ಬೇಕಲ್ಲ, ಅಂವ ಇಲ್ಲೇ ಉಳದ. ನಿಮ್ಮ ಹೆಸರು ಯಾರ ಬಾಯಾಗೂ ಬಂದಿರಲಿಲ್ಲಲ್ಲ, ಪ್ರಾಣೇಶರಾವ!"

ಅಷ್ಟರಲ್ಲಿ ಸಾಹೇಬರು ಹಾವು ಕಂಡಂತೆ ಬೆಚ್ಚಿ ಗಲುಬಂದವನ್ನು ಮತ್ತೆ ಮೂಗಿಗೇರಿಸಿದರು. ಜನಾನಾ ಡಬ್ಬಿಯಿಂದ ಇಳಿದ ಬುರಖಾದ ಹೆಣ್ಣುಮಗಳೊಬ್ಬಳು ಹತ್ತಿರ ಬಂದು ನಿಂತಿದ್ದಳು. "ಯಾಕ್ರೀ, ಹೇಳದೆ ಕೇಳದೆ ಬಂದೆ ಅಂತ ಸಿಟ್ಟೇನು? ಒಂದು ಮಾತೂ ಆಡವಲ್ರಿ?" ಎಂದಿತು ಅಖ್ತರ ಬೇಗಂ ಅವರ ದನಿ. ಸಾಹೇಬರು ಪೆಟ್ಟಿಗೆ ಹೊತ್ತುಕೊಂಡು, ತಲೆ ತಗ್ಗಿಸಿ, ಅವರ ಹಿಂದೆ ನಡೆದರು.

ಅದೇ ಗಾಡಿಯಿಂದ ಗುಲಾಮ ದಸ್ತಗೀರನೂ ಇಳಿದಿದ್ದ. ಪ್ರಾಣೇಶರಾವನನ್ನು ಕಂಡು ದೂರದಿಂದಲೇ ಕೈ ಮಾಡಿದ. "ಒಂದು ಮಾತು ಹೇಳೋದೇ ಮರ್ತಿದ್ದೆ ರಾವಸಾಬ! ಚೀಲ ಹೊಲಿಯೋಮುಂದ ಮೂರು ಬದಿ ಆದ ಮ್ಯಾಲ ನಿಂದರಬೇಕು, ನೋಡ್ರಿ. ನಾನೂ ಕಲಿಯೋಮುಂದ ಎರಡು ಚೀಲ ಹಂಗೇ ಕೆಡಿಸೀನಿ." ಚಿಂಚೋಳಿಯ ಸುದ್ದಿ ಕೇಳಿದ ಮೇಲೆ ಅವನ ಮುಖ ಇನ್ನೂ ಅರಳಿತು. "ಅಲ್ಲಿ ತೊಗಲು ಭಾಳ ಛಲೋ ಸಿಗ್ತದ್ರಿ!"

ಮನೆಗೆ ಬಂದಾಗ ಭಾಮಾ ದೀಪ ಹಚ್ಚುತ್ತಿದ್ದಳು. ಅವನು ಹೊಸ್ತಿಲಲ್ಲೇ ಕುಳಿತು ನಡೆದದ್ದನ್ನೆಲ್ಲ ಹೇಳಿದ. ಅವಳು ಅಳಲಿಲ್ಲ. ಸೇಡಂಗೆ ತಾಯಿಯ ಮನೆಗೆ ಹೋಗಿರುತ್ತೇನೆ, ಮಗುವಾದ ಮೇಲೆ ಕಾಗದ ಹಾಕಿಸುತ್ತೇನೆ ಎಂದಳು. ಅವಳು ಅಳದಿದ್ದುದೇ ಅವನಿಗೆ ಹೆಚ್ಚು ಸಂಕಟವಾಯಿತು. ಆಮೇಲೆ ಅವಳು ಒಳಗೆ ಹೋಗಿ ಪ್ರಯಾಣಕ್ಕೆ ಹಾಸಿಗೆ ಸುತ್ತಿಕೊಳ್ಳುವ ಹಳೆಯ ಹಾಸಿಗೆಪಟ್ಟಿ ತಂದು ಬಿಡಿಸಿ ನೋಡಿದಳು. ಕಟ್ಟುವ ತೊಗಲಿನ ಪಟ್ಟಿ ಒಂದು ಕಡೆ ಹರಿದಿತ್ತು. ಅದನ್ನು ಎರಡು ಬೆರಳಿಂದ ದೂರ ಹಿಡಿದು ಅವನ ಮುಂದೆ ಇಟ್ಟಳು.

ಅವನು ಸೂಜಿಗೆ ದಾರ ಪೋಣಿಸುವಾಗ ಅವಳಿಗೆ ಏನೋ ನೆನಪಾಯಿತು.

"ಅಲ್ರೀ, ಮುಂಜಾನಿ ಆ ಸ್ತೋತ್ರಾ ಮೂರು ಬದಿ ಆದ ಮ್ಯಾಲೆ ನಡುವ ಬಿಟ್ಟಿದ್ರ ಏನಾಗ್ತಿತ್ತು? ಮಾವನವರು ಏನೋ ಹೇಳ್ತಿದ್ರಲ್ಲ?"

"ಊರು ಬಿಡಬೇಕಾಗ್ತಿತ್ತು" ಎಂದು ಪ್ರಾಣೇಶರಾವ ಪಟ್ಟಿಗೆ ಮೊದಲ ಹೊಲಿಗೆ ಹಾಕಿದ.